ಹಡಗಿನಲ್ಲಿ ಇನ್ಸುಲಿನ್: ಶುಗರ್ ಇರುವವರಿಗೆ ಕ್ರೂಸ್ ಪ್ರಯಾಣದ ಸಮಗ್ರ ಮಾರ್ಗದರ್ಶಿ

ಕ್ರೂಸ್ ಬುಕ್ ಆಯಿತು ಅಂದ ತಕ್ಷಣ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಕೇಳುವುದು ಒಂದೇ: ಕ್ಯಾಬಿನ್‌ನಲ್ಲಿ ಫ್ರಿಜ್ ಇರುತ್ತಾ? ಕೇಳಬೇಕಾದ ಪ್ರಶ್ನೆಯೇ. ಆದರೆ ವಾರ, ಹತ್ತು ದಿನದ ಪ್ರಯಾಣಕ್ಕೆ ಫ್ರಿಜ್ ಅಷ್ಟು ದೊಡ್ಡ ತಲೆನೋವಲ್ಲ. ಇನ್ಸುಲಿನ್ ಕೆಡುವುದು ಹೆಚ್ಚಾಗಿ ಬೇರೆ ಕಡೆ. ಬಿಸಿಲಲ್ಲಿ ನಿಂತ ಬಸ್ಸಿನೊಳಗೆ, ಐಸ್ ಪ್ಯಾಕಿಗೆ ಅಂಟಿಕೊಂಡ ಪೌಚಿನೊಳಗೆ, ಈಜುಕೊಳದ ಪಕ್ಕ ಕುರ್ಚಿಯ ಮೇಲೆ ಬಿಟ್ಟ ಬ್ಯಾಗಿನಲ್ಲಿ. ಶುಗರ್ ಏರುಪೇರಾಗುವುದಕ್ಕೂ ಕಾರಣ ಫ್ರಿಜ್ ಅಲ್ಲ. ಊಟದ ಹೊತ್ತು, ನಡಿಗೆ, ಗಡಿಯಾರ, ವಾಂತಿ, ಈ ನಾಲ್ಕೂ ಹಡಗಿನಲ್ಲಿ ಒಟ್ಟಿಗೆ ಬದಲಾಗುತ್ತವೆ. ಹಾಗಾಗಿ ಈ ಬರಹದಲ್ಲಿ ಫ್ರಿಜ್‌ಗೆ ಸ್ವಲ್ಪ ಜಾಗ, ಉಳಿದಿದ್ದಕ್ಕೆ ಜಾಸ್ತಿ ಜಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೋಸ್ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಅನ್ನುವುದು ನಿಮ್ಮ ಡಾಕ್ಟರ್ ಜೊತೆ ಕೂತು ಮಾತಾಡಬೇಕಾದ ವಿಷಯ. ಇಲ್ಲಿರುವುದು ಆ ಮಾತುಕತೆಗೆ ಹೋಗುವ ಮುಂಚೆ ನಿಮಗೆ ಗೊತ್ತಿರಬೇಕಾದದ್ದು.

ಇನ್ಸುಲಿನ್‌ಗೆ ಎಷ್ಟು ತಂಪು ಬೇಕು?

ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದರೆ ಅದರ ಮೇಲೆ ಮುದ್ರಿಸಿದ ಎಕ್ಸ್‌ಪೈರಿ ದಿನಾಂಕದವರೆಗೆ ಬಾಳಿಕೆ ಬರುತ್ತದೆ. ಬಳಸಲು ಶುರು ಮಾಡಿದ ಪೆನ್ನು ಅಥವಾ ಬಾಟಲಿಗೆ ಫ್ರಿಜ್ ಬೇಕೇ ಬೇಕು ಅಂತ ಇಲ್ಲ. ಸಾಮಾನ್ಯವಾಗಿ 30 ಡಿಗ್ರಿ ಮೀರದ ಜಾಗದಲ್ಲಿ ಇಟ್ಟರೆ ಸಾಕು. ಕೆಲವು ಇನ್ಸುಲಿನ್‌ಗಳಿಗೆ ಈ ಮಿತಿ 25 ಡಿಗ್ರಿ.

ಎಷ್ಟು ದಿನ ಅನ್ನುವುದು ಇನ್ಸುಲಿನ್ ಮೇಲೆ ಹೋಗುತ್ತದೆ. ಗ್ಲಾರ್ಜಿನ್ 100, ಲಿಸ್ಪ್ರೋ, ಆಸ್ಪಾರ್ಟ್ ಇವಕ್ಕೆ 28 ದಿನ. ಡಿಟೆಮಿರ್‌ಗೆ 42 ದಿನ. ಡೆಗ್ಲುಡೆಕ್‌ಗೆ 56 ದಿನ. ಇನ್ನೊಂದು ಕಡೆ, ಕೆಲವು ಮಿಶ್ರಣ ಇನ್ಸುಲಿನ್ ಪೆನ್ನುಗಳಿಗೆ ಬರೀ 10 ದಿನ. ನಿಮ್ಮದು ಮಿಶ್ರಣವಾಗಿದ್ದರೆ ಡಬ್ಬಿಯೊಳಗಿನ ಚೀಟಿಯನ್ನು ಬಿಸಾಡದೆ ಓದಿ. ಎರಡು ವಾರದ ಪ್ರಯಾಣಕ್ಕೆ ಒಂದೇ ಪೆನ್ನು ಸಾಕು ಅಂತ ಲೆಕ್ಕ ಹಾಕಿದರೆ ಕೊನೆಯ ನಾಲ್ಕು ದಿನ ಗಡುವು ಮೀರಿದ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ.

ಇದರ ಅರ್ಥ ಏನು ಗೊತ್ತಾ? 28 ದಿನದ ಗುಂಪಿನ ಇನ್ಸುಲಿನ್ ಬಳಸುವವರು ಹತ್ತು ದಿನದ ಕ್ರೂಸ್‌ಗೆ ಹೋದರೆ, ಏಸಿ ಇರುವ ಕ್ಯಾಬಿನ್‌ನ ಕಪಾಟೇ ಸಾಕು. ಆದರೆ ಅಷ್ಟು ದಿನ ಹೊರಗಿಟ್ಟ ಪೆನ್ನು ಮತ್ತೆ ಫ್ರಿಜ್‌ಗೆ ಹೋದರೂ ದಿನಗಳ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ಹೊರಗೆ ತೆಗೆದ ದಿನಾಂಕವನ್ನು ಪೆನ್ನಿನ ಮೇಲೆ ಒಂದು ಚಿಕ್ಕ ಟೇಪ್ ಅಂಟಿಸಿ ಬರೆದುಬಿಡಿ.

2023ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಒಂದಿದೆ. ಸೀಲ್ ಒಡೆಯದ ಹ್ಯೂಮನ್ ಇನ್ಸುಲಿನ್ (ಗ್ಲಾರ್ಜಿನ್, ಲಿಸ್ಪ್ರೋದಂಥ ಹೊಸ ಬಗೆಯದ್ದಲ್ಲ, ಹಳೆಯ ಬಗೆಯದ್ದು) ಅನ್ನು 25 ಡಿಗ್ರಿಯಲ್ಲಿ ಆರು ತಿಂಗಳು, 37 ಡಿಗ್ರಿಯಲ್ಲಿ ಎರಡು ತಿಂಗಳು ಇಟ್ಟರೂ ಗಣನೀಯವಾಗಿ ಶಕ್ತಿ ಕಳೆದುಕೊಳ್ಳಲಿಲ್ಲ ಅಂತ ಅದರಲ್ಲಿ ಕಂಡುಬಂತು. ಹಾಗಂತ ಚೀಟಿಯಲ್ಲಿರುವ ನಿಯಮ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಅಧ್ಯಯನ ಎಲ್ಲ ಬಗೆಯ ಇನ್ಸುಲಿನ್‌ಗೂ ಅನ್ವಯಿಸುವುದಿಲ್ಲ. ಒಂದು ರಾತ್ರಿ ಫ್ರಿಜ್ ಆಫ್ ಆಗಿತ್ತು ಅಂತ ಗಾಬರಿಯಾಗಿ ಇಡೀ ದಾಸ್ತಾನು ಕಸದ ಬುಟ್ಟಿಗೆ ಹಾಕಬೇಡಿ, ಅಷ್ಟೇ.

ಬಿಸಿಗಿಂತ ನನಗೆ ಹೆಚ್ಚು ಭಯ ಹೆಪ್ಪುಗಟ್ಟುವುದರ ಬಗ್ಗೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗೇ ಕಾಣಬಹುದು. ಆದರೂ ಅದನ್ನು ಬಳಸುವಂತಿಲ್ಲ. ಬಿಸಿಯಲ್ಲಿ ಇನ್ಸುಲಿನ್ ನಿಧಾನವಾಗಿ ಸೊರಗುತ್ತದೆ. ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ ಮುಗಿಯಿತು.

ಹಂತ 1: ಹೊರಡುವ ಒಂದು ತಿಂಗಳ ಮುಂಚೆ

ಡಾಕ್ಟರ್ ಹತ್ತಿರ ಹೋಗುವಾಗ ಪ್ರಯಾಣದ ವೇಳಾಪಟ್ಟಿ ಕೈಯಲ್ಲಿರಲಿ. ಎಷ್ಟು ದಿನ ಬರೀ ಸಮುದ್ರ, ಎಷ್ಟು ದಿನ ಬಂದರು, ಗಡಿಯಾರ ಎಷ್ಟು ಗಂಟೆ ಬದಲಾಗುತ್ತದೆ ಅನ್ನುವುದು ಅವರಿಗೆ ಕಾಣಬೇಕು. "ಸುಮ್ನೆ ಒಂದು ಟ್ರಿಪ್ ಹೋಗ್ತಿದೀನಿ ಡಾಕ್ಟ್ರೇ" ಅಂದರೆ "ಹುಷಾರು" ಅನ್ನುವುದಕ್ಕಿಂತ ಹೆಚ್ಚಿನ ಸಲಹೆ ಸಿಗುವುದಿಲ್ಲ.

ಅವರಿಂದ ಮೂರು ಕಾಗದ ಬರೆಸಿಕೊಳ್ಳಿ. ಒಂದು, ನಿಮಗೆ ಮಧುಮೇಹ ಇದೆ, ಸೂಜಿ, ಇನ್ಸುಲಿನ್, ಮೀಟರ್ ಜೊತೆಯಲ್ಲೇ ಇರಬೇಕು ಅನ್ನುವ ಪತ್ರ. ಎರಡು, ಔಷಧಿ ಚೀಟಿ. ಇದರಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಬೇಕು, ಏಕೆಂದರೆ ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಮೂರು, ಹುಷಾರಿಲ್ಲದ ದಿನ ಏನು ಮಾಡಬೇಕು ಅನ್ನುವ ಒಂದು ಪುಟದ ಸೂಚನೆ. ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹಡಗಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಚೀಟಿಯಲ್ಲಿ ಇನ್ಸುಲಿನ್‌ನ ಸಾಂದ್ರತೆಯೂ ಇರಲಿ. ಒಂದು ಮಿಲಿ ಲೀಟರ್‌ನಲ್ಲಿ 40 ಯೂನಿಟ್ ಇರುವ ಬಾಟಲಿ ಕೆಲವು ದೇಶಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ, ಬೇರೆ ಹಲವು ಕಡೆ ಸಿಗುವುದು 100 ಯೂನಿಟ್‌ನದು ಮಾತ್ರ. ಎರಡಕ್ಕೂ ಸಿರಿಂಜ್ ಬೇರೆ ಬೇರೆ. 40ರ ಸಿರಿಂಜ್‌ನಲ್ಲಿ 100ರ ಇನ್ಸುಲಿನ್ ಎಳೆದರೆ ಪ್ರತಿ ಗೆರೆಗೂ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತದೆ. 10 ಯೂನಿಟ್ ಅಂದುಕೊಂಡಿದ್ದು 25 ಆಗುತ್ತದೆ. ಬಂದರಿನ ಊರಲ್ಲಿ ಬಾಟಲಿ ಕೊಳ್ಳಬೇಕಾಗಿ ಬಂದರೆ ಅದಕ್ಕೆ ಹೊಂದುವ ಸಿರಿಂಜನ್ನೂ ಅಲ್ಲೇ ಕೊಳ್ಳಿ.

ಹಡಗಿನ ಕಂಪನಿಗೆ ಮುಂಚಿತವಾಗಿ ಬರೆದು ಎರಡು ವಿಷಯ ಕೇಳಿ: ಔಷಧಿ ಇಡುವ ಫ್ರಿಜ್ ಕೊಡುತ್ತೀರಾ, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಕ್ಯಾಬಿನ್‌ಗೆ ಕಳಿಸುತ್ತೀರಾ. ಈ ಎರಡಕ್ಕೂ ಬಹಳಷ್ಟು ಕಂಪನಿಗಳಲ್ಲಿ ವಿಶೇಷ ಅಗತ್ಯಗಳ ಫಾರಂ ಇರುತ್ತದೆ. ಉತ್ತರ ಲಿಖಿತವಾಗಿ ಬರಲಿ, ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಇನ್ನು ಪ್ರಯಾಣ ವಿಮೆ. ಮೊದಲೇ ಇರುವ ಕಾಯಿಲೆಗೆ ಅದು ಅನ್ವಯಿಸಬೇಕು, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಬೇಕು. ಸಮುದ್ರದ ನಡುವೆ ಹೆಲಿಕಾಪ್ಟರ್ ಕರೆಸುವುದು ಯಾರ ಜೇಬಿಗೂ ಸಣ್ಣ ಮೊತ್ತವಲ್ಲ. ಮಧುಮೇಹ ಇರುವುದನ್ನು ಫಾರಂನಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಹಂತ 2: ಏನೇನು, ಎಷ್ಟೆಷ್ಟು

ಲೆಕ್ಕ ಸುಲಭ. ಪ್ರಯಾಣಕ್ಕೆ ಬೇಕಾದದ್ದರ ಎರಡು ಪಟ್ಟು. ಹಡಗಿನಲ್ಲಿ ಔಷಧಿ ಅಂಗಡಿ ಇರುವುದಿಲ್ಲ. ಅಲ್ಲಿನ ಚಿಕಿತ್ಸಾ ಕೇಂದ್ರದಲ್ಲಿ ತುರ್ತಿಗೆ ಇನ್ಸುಲಿನ್ ಇರಬಹುದು, ಆದರೆ ನಿಮ್ಮ ಇನ್ಸುಲಿನ್, ನಿಮ್ಮ ಪೆನ್ನಿಗೆ ಹೊಂದುವ ಕಾರ್ಟ್ರಿಜ್ ಇರುತ್ತದೆ ಅಂತ ನಂಬಿಕೊಂಡು ಹೋಗುವಂತಿಲ್ಲ.

ಇನ್ಸುಲಿನ್, ಪೆನ್ನಿನ ಸೂಜಿ, ಸ್ಟ್ರಿಪ್, ಲ್ಯಾನ್ಸೆಟ್, ಮೀಟರ್‌ನ ಹೆಚ್ಚುವರಿ ಬ್ಯಾಟರಿ, ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲ) ನೋಡುವ ಸ್ಟ್ರಿಪ್, ಗ್ಲೂಕೋಸ್ ಮಾತ್ರೆ, ವೈದ್ಯರು ಬರೆದಿದ್ದರೆ ಗ್ಲುಕಗಾನ್ (ಶುಗರ್ ತೀರಾ ಇಳಿದಾಗ ಏರಿಸುವ ತುರ್ತು ಔಷಧಿ). ಚರ್ಮಕ್ಕೆ ಅಂಟಿಸಿ ಸದಾ ಶುಗರ್ ಅಳೆಯುವ ಸೆನ್ಸರ್ ಹಾಕಿಕೊಳ್ಳುವವರು ಕೂಡ ಹಳೆಯ ಮೀಟರ್ ಮತ್ತು ಸ್ಟ್ರಿಪ್ ತಪ್ಪದೆ ಇಟ್ಟುಕೊಳ್ಳಿ. ಇನ್ಸುಲಿನ್ ಪಂಪ್ (ಮೈಗೆ ಕಟ್ಟಿಕೊಂಡು ಇನ್ಸುಲಿನ್ ಹನಿಸುವ ಯಂತ್ರ) ಬಳಸುವವರು ಒಂದು ಬೇಸಲ್ (ದೀರ್ಘಾವಧಿ) ಇನ್ಸುಲಿನ್ ಪೆನ್ನು ಮತ್ತು ಕೆಲವು ಸಿರಿಂಜ್ ಇಟ್ಟುಕೊಳ್ಳಿ. ಪಂಪ್ ಕೈಕೊಟ್ಟಾಗ ಹೊಸದು ಕೊರಿಯರ್‌ನಲ್ಲಿ ಬರಲು ನೀವು ದಡದಲ್ಲಿ ಇರುವುದಿಲ್ಲ ಅಲ್ವಾ?

ಎಲ್ಲವನ್ನೂ ಎರಡು ಭಾಗ ಮಾಡಿ. ಅರ್ಧ ನಿಮ್ಮ ಕೈಚೀಲದಲ್ಲಿ, ಅರ್ಧ ಜೊತೆಗೆ ಬರುವವರ ಕೈಚೀಲದಲ್ಲಿ. ಒಬ್ಬರೇ ಹೋಗುವುದಾದರೆ ಎರಡು ಬೇರೆ ಬೇರೆ ಚೀಲದಲ್ಲಿ.

ತಂಪು ಪೌಚ್ ಆರಿಸುವಾಗ ಸ್ವಲ್ಪ ಯೋಚಿಸಿ. ಮುಖ್ಯವಾಗಿ ಎರಡು ಬಗೆ. ಒಂದು ಜೆಲ್ ಐಸ್ ಪ್ಯಾಕ್ ಇಡುವ ದಪ್ಪ ಚೀಲ. ಇನ್ನೊಂದು ನೀರಿನಲ್ಲಿ ನೆನೆಸುವ ಪೌಚ್. ನೆನೆದಾಗ ಒಳಗಿನ ಹರಳುಗಳು ಉಬ್ಬಿ ಜೆಲ್ ಆಗುತ್ತವೆ, ಆ ನೀರು ಆವಿಯಾಗುತ್ತಾ ಒಳಗೆ ತಂಪು ಉಳಿಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದು ಹೇಗೋ ಹಾಗೆ. ಇದರಲ್ಲಿ ಹೆಪ್ಪುಗಟ್ಟುವ ಭಯವೇ ಇಲ್ಲ, ಅದಕ್ಕೇ ನನಗೆ ಇದು ಇಷ್ಟ. ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ನೀರು ಬೇಗ ಆವಿಯಾಗುವುದಿಲ್ಲ, ತಂಪೂ ಕಡಿಮೆ. ಸಮುದ್ರದ ಮೇಲೆ, ಉಷ್ಣವಲಯದ ಬಂದರುಗಳಲ್ಲಿ ಇದು ನೆನಪಿರಲಿ. ಈ ಪೌಚನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಗಾಳಿಯಾಡದೆ ಅದು ಕೆಲಸವನ್ನೇ ಮಾಡುವುದಿಲ್ಲ.

ಜೆಲ್ ಪ್ಯಾಕ್ ಬಗೆಯದ್ದೇ ಬೇಕಾದರೆ, ಪ್ಯಾಕ್ ಮತ್ತು ಪೆನ್ನಿನ ನಡುವೆ ದಪ್ಪ ಬಟ್ಟೆ ಇರಲೇಬೇಕು. ಆಗತಾನೇ ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಪ್ಯಾಕನ್ನು ನೇರವಾಗಿ ಪೆನ್ನಿನ ಪಕ್ಕ ಒತ್ತಿಟ್ಟರೆ ತಾಗಿದ ಕಡೆ ಇನ್ಸುಲಿನ್ ಹೆಪ್ಪುಗಟ್ಟಬಹುದು.

ಹಂತ 3: ವಿಮಾನದಿಂದ ಹಡಗಿನವರೆಗೆ

ಇನ್ಸುಲಿನ್ ಯಾವತ್ತೂ ಚೆಕ್ ಇನ್ ಲಗೇಜಿನಲ್ಲಿ ಹೋಗಬಾರದು. ಲಗೇಜ್ ಕಳೆದುಹೋಗಬಹುದು, ವಿಮಾನದ ಕೆಳಭಾಗದಲ್ಲಿ ವಿಪರೀತ ಚಳಿಯೂ ಆಗಬಹುದು. ಭದ್ರತಾ ತಪಾಸಣೆಯಲ್ಲಿ ಔಷಧಿ ಅಂತ ಮೊದಲೇ ಹೇಳಿ, ಪತ್ರ ತೋರಿಸಿ. ಇನ್ಸುಲಿನ್‌ಗೆ ಎಕ್ಸ್‌ರೇ ಯಂತ್ರದಿಂದ ತೊಂದರೆ ಇಲ್ಲ. ಕೆಲವು ಪಂಪ್ ಮತ್ತು ಸೆನ್ಸರ್‌ಗಳನ್ನು ಮಾತ್ರ ಎಕ್ಸ್‌ರೇ ಅಥವಾ ದೇಹದ ಸ್ಕ್ಯಾನರ್ ಒಳಗೆ ಒಯ್ಯಬಾರದು. ನಿಮ್ಮದರ ಕೈಪಿಡಿ ನೋಡಿಕೊಂಡು ಕೈಯಿಂದ ತಪಾಸಣೆ ಮಾಡಿ ಅಂತ ಕೇಳಿ.

ಬಂದರಿನಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಅಲ್ಲೇ ಪೋರ್ಟರ್ ಕೈಗೆ ಕೊಡಬೇಕು. ಅವು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ, ಕೆಲವೊಮ್ಮೆ ರಾತ್ರಿ ಊಟದ ನಂತರ. ಅಷ್ಟು ಹೊತ್ತು ಅವು ಬಿಸಿಲಿನ ಕಟ್ಟೆಯ ಮೇಲೋ ಗೋದಾಮಿನಲ್ಲೋ ಇರುತ್ತವೆ. ಮಧ್ಯಾಹ್ನದ ಡೋಸ್ ಆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡರೆ ಯಾರೂ ಹುಡುಕಿ ಕೊಡುವುದಿಲ್ಲ.

ಹಡಗು ಹತ್ತುವ ದಿನ ಲೋ ಶುಗರ್ ಆಗುವುದು ತುಂಬಾ ಸುಲಭ. ಸಾಲು, ಕಾಗದ ಪತ್ರ, ಫೋಟೋ, ಮತ್ತೆ ಸಾಲು. ಮಧ್ಯಾಹ್ನದ ಊಟ ಒಂದು ಗಂಟೆಗೆ ಅಂದುಕೊಂಡಿದ್ದು ಮೂರಕ್ಕೆ ಹೋಗಬಹುದು. ತಟ್ಟೆ ಮುಂದೆ ಬರುವವರೆಗೆ ಊಟದ ಇನ್ಸುಲಿನ್ ಹಾಕಿಕೊಳ್ಳಬೇಡಿ. ಗ್ಲೂಕೋಸ್ ಮಾತ್ರೆ ಜೇಬಿನಲ್ಲಿರಲಿ, ಚೀಲದ ತಳದಲ್ಲಿ ಬೇಡ.

ಆಮೇಲೆ ಸುರಕ್ಷತಾ ಕವಾಯತು. ನಿಜವಾದ ತುರ್ತು ಸಂದರ್ಭದಲ್ಲಿ ಕ್ಯಾಬಿನ್‌ಗೆ ಓಡಿಹೋಗಿ ಔಷಧಿ ತರಲು ಬಿಡದೇ ಇರಬಹುದು. ಒಂದೆರಡು ದಿನಕ್ಕಾಗುವ ಇನ್ಸುಲಿನ್, ಸೂಜಿ, ಮೀಟರ್, ಸಕ್ಕರೆ ಇಷ್ಟನ್ನು ಒಂದು ಪುಟ್ಟ ಚೀಲದಲ್ಲಿ ಹಾಕಿ, ಕ್ಯಾಬಿನ್ ಬಿಟ್ಟು ಹೊರಗೆ ಹೋದಾಗಲೆಲ್ಲ ಹೆಗಲಿಗೆ ಹಾಕಿಕೊಳ್ಳಿ. ಮೊದಲ ದಿನ ಕಿರಿಕಿರಿ ಅನಿಸುತ್ತದೆ. ಮೂರನೇ ದಿನಕ್ಕೆ ಕನ್ನಡಕದಷ್ಟೇ ಅಭ್ಯಾಸವಾಗುತ್ತದೆ.

ಹಂತ 4: ಕ್ಯಾಬಿನ್ ಮತ್ತು ಫ್ರಿಜ್

ಕ್ಯಾಬಿನ್‌ನ ಮಿನಿ ಫ್ರಿಜ್ ಅಂದರೆ ಬಹಳ ಸಲ ನಿಜವಾದ ಫ್ರಿಜ್ ಅಲ್ಲ. ತಂಪು ಪಾನೀಯವನ್ನು ತಂಪಾಗಿ ಇಡುವಷ್ಟು ಕೆಲಸ ಮಾಡುವ ಪೆಟ್ಟಿಗೆ. ಒಳಗೆ 10ರಿಂದ 15 ಡಿಗ್ರಿ ಇರಬಹುದು. ಕೆಲವು ಕ್ಯಾಬಿನ್‌ಗಳಲ್ಲಿ ಬಾಗಿಲ ಪಕ್ಕದ ಖಾನೆಯಿಂದ ಕಾರ್ಡ್ ತೆಗೆದರೆ ಕರೆಂಟೇ ಹೋಗುತ್ತದೆ.

ಒಂದು ಸಣ್ಣ ಥರ್ಮಾಮೀಟರ್ ತಂದಿಟ್ಟುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ತಾಪಮಾನ ಎರಡನ್ನೂ ನೆನಪಿಡುವಂಥದ್ದು. ಕ್ಯಾಬಿನ್ ಸೇರಿದ ತಕ್ಷಣ ಅದನ್ನು ಫ್ರಿಜ್ ನಡುವೆ ಇಟ್ಟು ಒಂದು ರಾತ್ರಿ ಬಿಡಿ. ಅಲ್ಲಿಯವರೆಗೆ ಇನ್ಸುಲಿನ್ ಪೌಚಿನಲ್ಲೇ ಇರಲಿ. ಬೆಳಿಗ್ಗೆ ನೋಡಿ:

- 2ರಿಂದ 8ರೊಳಗೆ ಇದ್ದರೆ ಎಲ್ಲವನ್ನೂ ಇಡಿ.
- 8ಕ್ಕಿಂತ ಜಾಸ್ತಿ, 25ಕ್ಕಿಂತ ಕಡಿಮೆ ಇದ್ದರೂ ಇಡಬಹುದು. ಆದರೆ ಆ ದಿನವೇ ಹೊರಗೆ ತೆಗೆದಂತೆ ಅಂತ ಟೇಪ್ ಮೇಲೆ ದಿನಾಂಕ ಬರೆಯಿರಿ.
- 2ಕ್ಕಿಂತ ಕೆಳಗೆ ಇಳಿದಿದ್ದರೆ ಇಡಲೇಬೇಡಿ. ಗುಂಡಿ ತಿರುಗಿಸಿ ಸರಿಮಾಡಿ ಮತ್ತೊಮ್ಮೆ ಪರೀಕ್ಷಿಸಿ.

ಫ್ರಿಜ್‌ನ ಹಿಂಬದಿಯ ತಗಡಿಗೆ ಅಥವಾ ಐಸ್ ಕಟ್ಟುವ ಖಾನೆಗೆ ಪೆನ್ನು ತಾಗಬಾರದು. ಬಾಗಿಲಿನ ಗೂಡು ಅಥವಾ ಮಧ್ಯದ ತಟ್ಟೆ ಸರಿ. ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿಗೆ ಒಂದು ಮಾತು ಹೇಳಿ, ಡಬ್ಬಿಯ ಮೇಲೆ ಔಷಧಿ ಅಂತ ಬರೆಯಿರಿ. ಸ್ವಚ್ಛ ಮಾಡುವ ಭರದಲ್ಲಿ ಮಿನಿ ಬಾರ್ ಖಾಲಿ ಮಾಡಿ ಎಲ್ಲವನ್ನೂ ಎತ್ತಿಕೊಂಡು ಹೋಗುವುದುಂಟು.

ದೀರ್ಘ ಪ್ರಯಾಣವಾಗಿದ್ದು ಹೆಚ್ಚಿನ ದಾಸ್ತಾನು ಇದ್ದರೆ ಚಿಕಿತ್ಸಾ ಕೇಂದ್ರದ ಫ್ರಿಜ್‌ನಲ್ಲಿ ಇಡಲು ಕೇಳಬಹುದು. ಎಲ್ಲವನ್ನೂ ಅಲ್ಲಿ ಕೊಡಬೇಡಿ. ಕೇಂದ್ರಕ್ಕೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರುತ್ತದೆ.

ಹಂತ 5: ದಡಕ್ಕೆ ಇಳಿದ ದಿನ

ಇಲ್ಲಿ ಎರಡು ಅಪಾಯ ಒಟ್ಟಿಗೆ ಬರುತ್ತವೆ. ಇನ್ಸುಲಿನ್ ಬಿಸಿಯಲ್ಲಿ ಕೆಡುವುದು, ಶುಗರ್ ನಡಿಗೆಯಿಂದ ಇಳಿಯುವುದು.

ಪ್ರವಾಸದ ಬಸ್ಸಿನಲ್ಲಿ ಚೀಲ ಬಿಟ್ಟು ಇಳಿಯಬೇಡಿ. ಮುಚ್ಚಿದ ಬಸ್ಸು ಬಿಸಿಲಲ್ಲಿ ನಿಂತರೆ ಒಳಗಿನ ತಾಪಮಾನ ಹೊರಗಿನದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಡ್ರೈವರ್ "ಚೀಲ ಇಲ್ಲೇ ಇರಲಿ ಬಿಡಿ, ನಾನು ನೋಡ್ಕೋತೀನಿ" ಅನ್ನುತ್ತಾರೆ. ಕಳ್ಳರಿಂದ ಅವರು ನೋಡಿಕೊಳ್ಳಬಹುದು, ಬಿಸಿಯಿಂದ ಹೇಗೆ ನೋಡಿಕೊಳ್ಳುತ್ತಾರೆ? ಆ ದಿನಕ್ಕೆ ಬೇಕಾದಷ್ಟು ಮಾತ್ರ ಒಯ್ಯಿರಿ, ಉಳಿದದ್ದು ಹಡಗಿನಲ್ಲೇ ಇರಲಿ.

ಒಯ್ದ ಪೆನ್ನಿನಿಂದ ಸೂಜಿ ತೆಗೆದಿರಬೇಕು. ಸೂಜಿ ಹಾಕಿಯೇ ಬಿಟ್ಟರೆ ಬಿಸಿಯಲ್ಲಿ ಹಿಗ್ಗಿದ ಇನ್ಸುಲಿನ್ ಸೋರುತ್ತದೆ, ತಂಪಾದಾಗ ಗಾಳಿ ಒಳಗೆ ಸೇರುತ್ತದೆ. ಗುಳ್ಳೆ ಇರುವ ಪೆನ್ನಿನಲ್ಲಿ ನೀವು ತಿರುಗಿಸಿದ ಯೂನಿಟ್ ಪೂರ್ತಿ ಒಳಗೆ ಹೋಗುವುದಿಲ್ಲ. ಪ್ರತಿ ಸಲ ಚುಚ್ಚುವ ಮುಂಚೆ 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಮೂಡಿತೇ ಅಂತ ನೋಡಿ.

ಅದೇ ಹೊತ್ತಿನಲ್ಲಿ ಬೆಳಕಿಗೆ ಹಿಡಿದು ಒಳಗನ್ನೂ ನೋಡಿ. ತಿಳಿ ಇನ್ಸುಲಿನ್ ನೀರಿನಂತೆ ಇರಬೇಕು. ಮಬ್ಬು ಇನ್ಸುಲಿನ್ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿದ ಮೇಲೆ ಹಾಲಿನಂತೆ ಒಂದೇ ಸಮ ಆಗಬೇಕು. ಗಾಜಿನ ಒಳಗೋಡೆಗೆ ಪುಡಿ ಮೆತ್ತಿದಂತೆ ಕಂಡರೆ, ತಳದಲ್ಲಿ ಸಣ್ಣ ಗಂಟು ಉಳಿದುಬಿಟ್ಟರೆ ಅದು ಕಸಕ್ಕೆ. ಕಣ್ಣಿಗೆ ಸರಿ ಕಂಡ ಮಾತ್ರಕ್ಕೆ ಶಕ್ತಿ ಇದೆ ಅಂತಲೂ ಅಲ್ಲ. ಕಾರಣವಿಲ್ಲದೆ ಎರಡು ಹೊತ್ತು ಶುಗರ್ ಮೇಲೇ ನಿಂತರೆ ಹೊಸ ಪೆನ್ನು ತೆರೆಯಿರಿ.

ಬಿಸಿಲಲ್ಲಿ ಚರ್ಮಕ್ಕೆ ರಕ್ತದ ಹರಿವು ಹೆಚ್ಚಿ ಇನ್ಸುಲಿನ್ ಬೇಗ ಹೀರಲ್ಪಡುತ್ತದೆ. ಅದರ ಮೇಲೆ ನಾಲ್ಕು ಗಂಟೆ ನಡಿಗೆ. ಸಾಮಾನ್ಯವಾಗಿ ನಡೆಯದವರಿಗೆ ಲೋ ಆಗುವುದು ಮಧ್ಯಾಹ್ನವಷ್ಟೇ ಅಲ್ಲ, ಆ ರಾತ್ರಿ ಕೂಡ. ಬಂದರಿನ ದಿನ ಮಲಗುವ ಮುಂಚೆ ಒಂದು ಸಲ ಶುಗರ್ ನೋಡುವುದನ್ನು ತಪ್ಪಿಸಬೇಡಿ. 70ಕ್ಕಿಂತ (ಮಿ.ಗ್ರಾಂ./ಡೆಸಿಲೀಟರ್) ಕೆಳಗೆ ಇದ್ದರೆ 15 ಗ್ರಾಂ ಬೇಗ ಕರಗುವ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಇನ್ನೂ ಕೆಳಗಿದ್ದರೆ ಮತ್ತೊಮ್ಮೆ. ಚಾಕೊಲೇಟ್ ಈ ಕೆಲಸಕ್ಕೆ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಬಿಸಿಲಿಗೆ ಕರಗುವುದು ಬೇರೆ.

ಬಫೆಯಿಂದ ಹಣ್ಣು ಎತ್ತಿಕೊಂಡು ಇಳಿಯುವ ಯೋಚನೆ ಇದ್ದರೆ ಬಿಡಿ. ಹಣ್ಣು, ಮಾಂಸದಂಥ ಪದಾರ್ಥಗಳನ್ನು ದಡಕ್ಕೆ ಒಯ್ಯಲು ಬಹಳಷ್ಟು ಬಂದರುಗಳಲ್ಲಿ ಬಿಡುವುದಿಲ್ಲ. ಸೀಲ್ ಮಾಡಿದ ಬಿಸ್ಕತ್ತು, ಗ್ಲೂಕೋಸ್ ಮಾತ್ರೆ ಸಾಕು.

ಕಾಲು. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ಮರಳು ಮತ್ತು ಹಡಗಿನ ಕಾದ ಡೆಕ್ ಎರಡೂ ಸುಡುವುದು ಗೊತ್ತೇ ಆಗುವುದಿಲ್ಲ. ಬೊಬ್ಬೆ ಕಂಡಾಗಲೇ ಗೊತ್ತಾಗುವುದು. ಈಜುಕೊಳದ ಅಂಚಿನವರೆಗೂ ಚಪ್ಪಲಿ ಇರಲಿ, ಸಮುದ್ರಕ್ಕೆ ಇಳಿಯುವಾಗ ನೀರಿನ ಶೂ. ಹೊಸ ಶೂ ಕೊಂಡು ಅದೇ ದಿನ ಊರು ಸುತ್ತಲು ಹೊರಡಬೇಡಿ. ರಾತ್ರಿ ಪಾದದ ಅಡಿ, ಬೆರಳ ಸಂದಿ ಎಲ್ಲವನ್ನೂ ಕಣ್ಣಾರೆ ನೋಡಿ.

ಹಂತ 6: ಇಡೀ ದಿನ ತೆರೆದಿರುವ ಊಟದ ಮನೆ

ಇದರ ಬಗ್ಗೆ ಉಪದೇಶ ಬೇಡ, ನಿಮಗೇ ಗೊತ್ತು. ಎರಡೇ ಮಾತು. ಬಫೆಯಲ್ಲಿ ತಟ್ಟೆ ಎತ್ತಿಕೊಳ್ಳುವ ಮುಂಚೆ ಒಂದು ಸುತ್ತು ಬರಿಗೈಯಲ್ಲಿ ಹಾಕಿ, ಏನು ತಿನ್ನಬೇಕು ಅಂತ ತೀರ್ಮಾನಿಸಿ, ಕಾರ್ಬ್ (ಅನ್ನ, ರೊಟ್ಟಿ, ಸಿಹಿಯಲ್ಲಿರುವ ಪಿಷ್ಟ, ಸಕ್ಕರೆ) ಲೆಕ್ಕ ಹಾಕಿ, ಆಮೇಲೆ ಡೋಸ್. ರಾತ್ರಿ ಊಟಕ್ಕೆ ಹೊತ್ತು ಆರಿಸುವ ಅವಕಾಶ ಇದ್ದರೆ ನಿಮ್ಮ ಮನೆಯ ಹೊತ್ತಿಗೆ ಹತ್ತಿರದ್ದನ್ನೇ ಆರಿಸಿ. ಕುಳಿತು ಊಟ ಮಾಡುವ ಕಡೆ ಒಂದೊಂದೇ ಬಡಿಸುತ್ತಾರೆ, ಪೂರ್ತಿ ಊಟ ಒಂದೂವರೆ ಗಂಟೆ ನಡೆಯಬಹುದು. ಮೊದಲು ಬರುವುದು ಸೂಪು, ಎಲೆ ತರಕಾರಿ. ಇನ್ಸುಲಿನ್ ಅಷ್ಟರಲ್ಲಿ ಕೆಲಸ ಶುರು ಮಾಡಿರುತ್ತದೆ, ಕಾರ್ಬ್ ಬರುವುದು ಕೊನೆಗೆ.

ಮದ್ಯ ಸೇವಿಸುವವರಿಗೆ: ಕಾಕ್‌ಟೇಲ್‌ನ ಸಕ್ಕರೆ ಮೊದಲು ಶುಗರ್ ಏರಿಸುತ್ತದೆ. ಗಂಟೆಗಳ ನಂತರ ಲಿವರ್ ತನ್ನ ಗ್ಲೂಕೋಸ್ ಬಿಡುವುದನ್ನು ಮದ್ಯ ತಡೆಯುವುದರಿಂದ ಬೆಳಗಿನ ಜಾವ ಲೋ ಆಗಬಹುದು. ಲೋ ಆದವರು ತೊದಲುವುದು, ತೂರಾಡುವುದು ನೋಡಿದವರಿಗೆ ಕುಡಿದವರಂತೆಯೇ ಕಾಣುತ್ತದೆ. ಮಧುಮೇಹದ ಬಳೆ ಅಥವಾ ಕಾರ್ಡ್ ಮೈಮೇಲೆ ಇರಬೇಕು ಅನ್ನುವುದು ಇದಕ್ಕೇ.

ಹಂತ 7: ಹಡಗಿನ ಗಡಿಯಾರ

ಹಡಗು ದೇಶಾಂತರ ದಾಟುವಾಗ ಸಾಮಾನ್ಯವಾಗಿ ರಾತ್ರಿ ಹೊತ್ತು ಒಂದೊಂದೇ ಗಂಟೆ ಗಡಿಯಾರ ತಿರುಗಿಸುತ್ತಾರೆ. ವಿಮಾನದ ಹಾಗೆ ಒಂದೇ ಏಟಿಗೆ ಎಂಟು ಗಂಟೆ ಅಲ್ಲ. ಇದು ನಮಗೆ ಅನುಕೂಲವೇ. ಒಂದು ಗಂಟೆ ಆಚೀಚೆ ಆದರೆ ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್‌ಗೆ ಬಹುತೇಕ ಏನೂ ಆಗುವುದಿಲ್ಲ. ಹಲವು ಗಂಟೆ ಸೇರಿಕೊಂಡಾಗ ಮಾತ್ರ ಯೋಜನೆ ಬೇಕು. ಪಶ್ಚಿಮಕ್ಕೆ ಹೋದರೆ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹೋದರೆ ಗಿಡ್ಡವಾಗುತ್ತದೆ. ಗಿಡ್ಡ ದಿನದಲ್ಲಿ ಎರಡು ಡೋಸ್ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕು.

ಫೋನ್ ಅಲಾರಂ ನಂಬುವವರು ಎಚ್ಚರ. ಫೋನ್ ದಡದ ಟವರ್ ಸಿಕ್ಕಾಗ ಆ ಊರಿನ ಹೊತ್ತಿಗೆ ತನ್ನಷ್ಟಕ್ಕೆ ಬದಲಾಗುತ್ತದೆ, ಹಡಗು ಬೇರೆ ಹೊತ್ತು ಪಾಲಿಸುತ್ತಿರಬಹುದು. ಡೋಸ್‌ಗೆ ಒಂದು ಸಾದಾ ಕೈಗಡಿಯಾರ ಇಟ್ಟುಕೊಳ್ಳಿ, ಅದನ್ನು ನೀವೇ ತಿರುಗಿಸಿ. ಪಂಪಿನ ಗಡಿಯಾರವನ್ನೂ ಕೈಯಿಂದಲೇ ಬದಲಿಸಬೇಕು.

ಸೆನ್ಸರ್ ಇರುವವರಿಗೆ ಇನ್ನೊಂದು. ಏರೋಪ್ಲೇನ್ ಮೋಡ್ ಹಾಕಿದ ಮೇಲೆ ಬ್ಲೂಟೂತ್ ಮತ್ತೆ ಆನ್ ಮಾಡಿ, ಇಲ್ಲದಿದ್ದರೆ ಎಚ್ಚರಿಕೆಯ ಸದ್ದೇ ಬರುವುದಿಲ್ಲ. ಸೆನ್ಸರ್‌ನಿಂದ ಫೋನಿಗೆ ಓದು ಬರಲು ಇಂಟರ್ನೆಟ್ ಬೇಕಿಲ್ಲ. ಮನೆಯಲ್ಲಿರುವವರ ಫೋನಿಗೆ ನಿಮ್ಮ ಓದು ಹೋಗಲು ಮಾತ್ರ ಬೇಕು. ಸಮುದ್ರದ ನಡುವೆ ಅದು ನಿಂತರೆ ಗಾಬರಿಯಾಗಬೇಡಿ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಬಿಸಿನೀರಿನ ತೊಟ್ಟಿಗೆ ಇಳಿಯುವ ಮುಂಚೆ ಪಂಪ್ ಕಳಚಿ ನೆರಳಿನಲ್ಲಿಡಿ. ಆದರೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಳಚಿಟ್ಟು ಮರೆಯಬೇಡಿ, ಪಂಪಿನಲ್ಲಿ ದೀರ್ಘಾವಧಿ ಇನ್ಸುಲಿನ್ ಇರುವುದಿಲ್ಲ.

ಹಂತ 8: ವಾಂತಿ ಶುರುವಾದರೆ

ಕ್ರೂಸ್‌ನಲ್ಲಿ ಶುಗರ್ ಇರುವವರನ್ನು ನಿಜವಾಗಿ ಕಾಡುವುದು ಇದು. ಕಾರಣ ಎರಡು: ಸಮುದ್ರದ ಹೊಯ್ದಾಟ ಮತ್ತು ವಾಂತಿ ಭೇದಿ ತರುವ ನೋರೋವೈರಸ್.

ಮೊದಲಿಗೆ ಹೊಯ್ದಾಟ. ತಣ್ಣನೆ ಬೆವರು, ಹೊಟ್ಟೆ ತೊಳಸುವುದು, ತಲೆಸುತ್ತು, ಸುಸ್ತು. ಈಗ ಲೋ ಶುಗರ್‌ನ ಲಕ್ಷಣ ನೆನಪಿಸಿಕೊಳ್ಳಿ. ಹೆಚ್ಚುಕಡಿಮೆ ಅವೇ! ಕಾಲ ಕೆಳಗೆ ಡೆಕ್ ಅಲುಗುತ್ತಿರುವಾಗ "ಓ, ಇದು ಹಡಗಿಂದ" ಅಂತ ಮಲಗಿಬಿಡುವುದು ಸಹಜ. ಅದಕ್ಕೆ ನಿಯಮ ಒಂದೇ: ತಲೆಸುತ್ತಿದರೆ ಮೊದಲು ಬೆರಳು ಚುಚ್ಚಿ ನೋಡಿ, ಆಮೇಲೆ ಕಾರಣ ಹುಡುಕಿ. ಹೊಯ್ದಾಟಕ್ಕೆ ಕೊಡುವ ಕೆಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ಆ ನಿದ್ದೆಯಲ್ಲಿ ಲೋ ಆದದ್ದು ಗೊತ್ತಾಗುವುದಿಲ್ಲ. ಯಾವುದು ಸರಿ ಅಂತ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಕ್ಯಾಬಿನ್ ಆರಿಸುವ ಅವಕಾಶ ಇದ್ದರೆ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್. ಅಲ್ಲಿ ಅಲುಗಾಟ ಕಡಿಮೆ.

ನೋರೋವೈರಸ್ ಬೇರೆ ಕಥೆ. ಹಡಗಿನಂಥ ಮುಚ್ಚಿದ ಜಾಗದಲ್ಲಿ ಅದು ಬೇಗ ಹರಡುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಅಷ್ಟು ಕೆಲಸ ಮಾಡುವುದಿಲ್ಲ. ಸೋಪು ನೀರಲ್ಲಿ ಉಜ್ಜಿ ತೊಳೆಯಬೇಕು. ಬಫೆಯ ಸೌಟು ಮುಟ್ಟಿದ ಮೇಲೂ, ಊಟಕ್ಕೆ ಕೂರುವ ಮುಂಚೆಯೂ. ಬೆರಳು ಚುಚ್ಚುವ ಮುಂಚೆ ಕೂಡ, ಏಕೆಂದರೆ ಬೆರಳಿಗೆ ಅಂಟಿದ ಹಣ್ಣಿನ ರಸ ಶುಗರ್ ಓದನ್ನು ಸುಳ್ಳು ಸುಳ್ಳೇ ಏರಿಸುತ್ತದೆ.

ವಾಂತಿ ನಿಲ್ಲದಿದ್ದಾಗ ಜನ ಯೋಚಿಸುವುದು ಹೀಗೆ: ಊಟವೇ ಮಾಡಿಲ್ಲ, ಇನ್ಸುಲಿನ್ ಯಾಕೆ? ಟೈಪ್ 1 ಇರುವವರಿಗೆ ಇದು ಜೀವಕ್ಕೇ ಅಪಾಯ. ಮೈ ಹುಷಾರಿಲ್ಲದಾಗ ಊಟ ಇಲ್ಲದಿದ್ದರೂ ಶುಗರ್ ಏರುತ್ತದೆ, ಇನ್ಸುಲಿನ್ ಇಲ್ಲದಿದ್ದರೆ ಕೀಟೋನ್ ಶೇಖರವಾಗುತ್ತದೆ. ದೀರ್ಘಾವಧಿ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಊಟದ ಇನ್ಸುಲಿನ್ ಏನು ಮಾಡಬೇಕು ಅನ್ನುವುದು ಆ ಒಂದು ಪುಟದ ಸೂಚನೆಯಲ್ಲಿ ಇರಬೇಕು.

ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿ ಕೂಡ. 250 ದಾಟಿದರೆ, ಅಥವಾ ಶುಗರ್ ಎಷ್ಟೇ ಇದ್ದರೂ ವಾಂತಿ ನಡೆಯುತ್ತಿದ್ದರೆ, ಕೀಟೋನ್ ನೋಡಿ. ರಕ್ತದ ಕೀಟೋನ್ (ಮಿಲಿಮೋಲ್/ಲೀಟರ್ ಲೆಕ್ಕದಲ್ಲಿ) 0.6ಕ್ಕಿಂತ ಕೆಳಗಿದ್ದರೆ ಸರಿ. 1.5 ದಾಟಿದರೆ ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿ. 3 ದಾಟಿದರೆ ತುರ್ತು. ಹತ್ತು ನಿಮಿಷಕ್ಕೊಂದು ಗುಟುಕು ನೀರು. ಶುಗರ್ ಕೆಳಗಿದ್ದು ಊಟ ಇಳಿಯದಿದ್ದರೆ ಸಕ್ಕರೆ ಇರುವ ಪಾನೀಯವೇ ಗುಟುಕು ಗುಟುಕಾಗಿ.

ಟೈಪ್ 2 ಇದ್ದು ಮಾತ್ರೆ ತೆಗೆದುಕೊಳ್ಳುವವರೂ ಇದನ್ನು ಓದಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶುಗರ್ ಅಷ್ಟೇನೂ ಏರದೆಯೂ ಕೀಟೋನ್ ಏರಬಹುದು. ಮೀಟರ್ 180 ತೋರಿಸುತ್ತಿದೆ, ಪರವಾಗಿಲ್ಲ ಅಂತ ಕೂರುವಂತಿಲ್ಲ. ವಾಂತಿ ಭೇದಿ ಇರುವಾಗ ಈ ಮಾತ್ರೆಗಳನ್ನೂ ಮೆಟ್‌ಫಾರ್ಮಿನ್ ಅನ್ನೂ ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸಲು ಡಾಕ್ಟರ್ ಹೇಳುತ್ತಾರೆ. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅಂತ ಬರೆಸಿಕೊಳ್ಳಿ.

ನಾಲ್ಕು ಗಂಟೆಯಾದರೂ ನೀರು ನಿಲ್ಲದಿದ್ದರೆ, ಉಸಿರು ಜೋರಾದರೆ, ಮಂಪರು ಕವಿದರೆ ಕಾಯಬೇಡಿ. ಕ್ಯಾಬಿನ್‌ನಲ್ಲೇ ಇರಲು ಹೇಳಿಬಿಡುತ್ತಾರೆ, ಪ್ರವಾಸ ತಪ್ಪುತ್ತದೆ ಅನ್ನುವ ಭಯಕ್ಕೆ ವಾಂತಿಯನ್ನು ಮುಚ್ಚಿಡುವವರಿದ್ದಾರೆ. ಶುಗರ್ ಇರುವವರಿಗೆ ಆ ಆಟ ಬೇಡ. ಕೇಂದ್ರದಲ್ಲಿ ಡಾಕ್ಟರ್, ನರ್ಸ್, ಡ್ರಿಪ್ ಹಾಕುವ ವ್ಯವಸ್ಥೆ ಇರುತ್ತದೆ. ಮುಂದಿನ ಬಂದರು ಒಂದೂವರೆ ದಿನ ದೂರ ಇರಬಹುದು. ಆದ್ದರಿಂದ ಬೇಗ ಹೋದಷ್ಟೂ ಅವರ ಕೈಯಲ್ಲಿ ಆಗುವ ಕೆಲಸ ಜಾಸ್ತಿ.

ಅಲ್ಲಿ ಶುಗರ್ ಓದನ್ನು ಬೇರೆ ಅಳತೆಯಲ್ಲಿ (ಮಿಲಿಮೋಲ್/ಲೀಟರ್) ಹೇಳಿದರೆ ತಬ್ಬಿಬ್ಬಾಗಬೇಡಿ. ಅವರ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಿಮ್ಮ ಸಂಖ್ಯೆ ಸಿಗುತ್ತದೆ. ಅವರ 10 ಅಂದರೆ ನಿಮ್ಮ 180.

ವಾಪಸ್ ಬಂದ ಮೇಲೆ

ತುಂಬಿದ ಸೂಜಿ ಡಬ್ಬಿಯನ್ನು ಇಳಿಯುವ ಮುಂಚೆಯೇ ಹಡಗಿನವರಿಗೆ ಒಪ್ಪಿಸಿ. ಉಳಿದ ಪೆನ್ನುಗಳನ್ನು ಮನೆಯ ಫ್ರಿಜ್‌ನಲ್ಲಿ ಹೊಸವುಗಳ ಜೊತೆ ಬೆರೆಸಬೇಡಿ, ಬೇರೆ ಡಬ್ಬಿಯಲ್ಲಿಡಿ. ಟೇಪ್ ಮೇಲಿನ ದಿನಾಂಕ ನೋಡಿ ಗಡುವಿನೊಳಗೆ ಇದ್ದವನ್ನು ಮೊದಲು ಬಳಸಿ. ಅವುಗಳಲ್ಲಿ ಯಾವುದಾದರೂ ಒಂದರಿಂದ ಚುಚ್ಚಿಕೊಂಡ ದಿನಗಳಲ್ಲೇ ಶುಗರ್ ಏರಿ ನಿಲ್ಲುತ್ತಿದ್ದರೆ ಡೋಸ್ ಹೆಚ್ಚಿಸುವ ಮುಂಚೆ ಆ ಪೆನ್ನನ್ನೇ ಬದಲಿಸಿ ನೋಡಿ.